8 ವರ್ಷದ ಮಗಳನ್ನು ಈಜು ಸ್ಪರ್ಧೆಗೆ ಕಳಿಸಬಹುದೇ?

ನಿಮ್ಮ ಮಗಳಿಗೆ 8 ವರ್ಷ, ಇಂಟರ್‌ಕ್ಲಬ್ ಮೀಟ್‌ಗೆ ಹೆಸರು ಕೊಡಿ ಅಂತ ಕೋಚ್ ಹೇಳಿದ್ದಾರೆ, ನಿಮ್ಮ ಯಜಮಾನರು ಇಷ್ಟು ಬೇಗ ಬೇಡ ಅಂತಿದ್ದಾರೆ, ದುಬಾರಿ ರೇಸಿಂಗ್ ಸೂಟ್ ಬೇಕಾ ಅಂತಲೂ ಕೇಳಿದ್ದೀರಿ. ನನ್ನ ಮಗ ಬೆಂಗಳೂರಿನಲ್ಲಿ ಹೆಚ್ಚುಕಮ್ಮಿ ಇದೇ ವಯಸ್ಸಿಗೆ ಸ್ಪರ್ಧೆಗೆ ಇಳಿದ. ಕ್ಲಬ್ಬಿನ ಮೀಟ್‌ಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಲೇನಿನ ತುದಿಯಲ್ಲಿ ನಿಲ್ಲುವ ಕೆಲಸವನ್ನು ನಾನೂ ಮಾಡುತ್ತೇನೆ. ಅಲ್ಲಿ ನಿಂತು ನೋಡಿದ್ದರ ಮೇಲೆ ಹೇಳುವುದಾದರೆ, ಧೈರ್ಯವಾಗಿ ಕಳಿಸಿ. ಆದರೆ ಪದಕದ ಲೆಕ್ಕ ಇಟ್ಟುಕೊಂಡು ಕಳಿಸಬೇಡಿ.

ಅದಕ್ಕೂ ಮೊದಲು ನೋಡಬೇಕಾದದ್ದು ಅವಳಿಗೆ ಆಳದ ಕಡೆ ಭಯ ಇದೆಯೋ ಇಲ್ಲವೋ, ಮಧ್ಯೆ ಲೇನ್ ಹಗ್ಗ ಹಿಡಿಯದೆ ಆರಾಮಾಗಿ 50 ಮೀಟರ್ ಈಜುತ್ತಾಳೋ ಇಲ್ಲವೋ ಅನ್ನುವುದು. ಇವೆರಡೂ ಇದ್ದರೆ 25 ಮೀಟರ್ ಫ್ರೀಸ್ಟೈಲ್ ಒಂದಕ್ಕೆ ಹೆಸರು ಕೊಟ್ಟರೆ ಸಾಕು. ಬ್ಲಾಕ್ (ರೇಸ್ ಶುರುವಾಗುವ ಎತ್ತರದ ಕಟ್ಟೆ) ಮೇಲಿಂದ ಡೈವ್ ಮಾಡಲು ಹೆದರುವ ಮಕ್ಕಳಿಗೆ ಕ್ಲಬ್ ಮಟ್ಟದಲ್ಲಿ ನೀರಿನೊಳಗಿಂದ ಗೋಡೆ ಒದ್ದು ಹೊರಡಲು ಬಿಡುವುದುಂಟು, ಕೋಚ್ ಹತ್ತಿರ ಮೊದಲೇ ಕೇಳಿಡಿ. ಎಲ್ಲಕ್ಕಿಂತ ಮುಖ್ಯವಾಗಿ ಅವಳನ್ನೇ ಕೇಳಿ. ಬೇಡ ಅಂದರೆ ಈ ಸಲ ಬಿಟ್ಟುಬಿಡಿ, ಮೀಟ್‌ಗಳಿಗೇನೂ ಬರವಿಲ್ಲ.

ಡಿಸ್ಕ್ವಾಲಿಫೈ ಆಗುವುದು ಏನು ಅಂತಲೂ ಮನೆಯಲ್ಲೇ ಹೇಳಿಕೊಟ್ಟಿರಿ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎರಡರಲ್ಲೂ ತಿರುಗುವಾಗ, ಮುಗಿಸುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ನನ್ನ ಲೇನಿನಲ್ಲೇ ಒಬ್ಬಳು ಪುಟ್ಟ ಹುಡುಗಿ ಎಲ್ಲರಿಗಿಂತ ಮುಂದೆ ಬಂದು ಖುಷಿಯಲ್ಲಿ ಒಂದೇ ಕೈ ಚಾಚಿ ಮುಟ್ಟಿದಳು. ರೆಫರಿ ಹೇಳಿದ್ದು ಅವಳಿಗೆ ಅರ್ಥವೇ ಆಗಲಿಲ್ಲ, ಗಾಗಲ್ಸ್ ತೆಗೆಯದೆ ಅಳತೊಡಗಿದಳು. ಅವಳ ಕೋಚ್ ಬೈಯಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಎರಡು ಅಂಗೈ ಹಿಡಿದು ಒದ್ದೆ ಗೋಡೆಗೆ ಒಟ್ಟಿಗೆ ಒತ್ತಿ, "ಮುಂದಿನ ಸಲ ಹೀಗೆ" ಅಂದರು, ಅಷ್ಟೇ. ಮೂಗೊರೆಸಿಕೊಂಡು ತಾನೇ ಇನ್ನೊಮ್ಮೆ ಒತ್ತಿ ನೋಡಿದಳು. ನಿಮ್ಮ ಕೋಚ್ ಇಂಥವರಾಗಿದ್ದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಪದಕದ ವಿಚಾರ ಯಾಕೆ ಒತ್ತಿ ಹೇಳಿದೆ ಅಂದರೆ, ನಮ್ಮಲ್ಲಿ ವಯೋಗುಂಪನ್ನು ಹುಟ್ಟಿದ ಇಸವಿಯ ಮೇಲೆ ಮಾಡುತ್ತಾರೆ. ಜನವರಿಯಲ್ಲಿ ಹುಟ್ಟಿದ ಮಗು, ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಒಂದೇ ಗುಂಪಿನಲ್ಲಿ ನಿಲ್ಲುತ್ತವೆ. ಈ ವಯಸ್ಸಿಗೆ ಹನ್ನೊಂದು ತಿಂಗಳ ಅಂತರ ಅಂದರೆ ತೋಳಿನ ಉದ್ದದಲ್ಲೇ ಕಾಣುತ್ತದೆ. ಬೇಗ ಮೈ ಬೆಳೆದ ಮಕ್ಕಳು ಹತ್ತು ಹನ್ನೊಂದರಲ್ಲಿ ಗೆಲ್ಲುತ್ತಾರೆ, ಉಳಿದವರು ಬೆಳೆದಾಗ ಆ ಅನುಕೂಲ ಕರಗಿಹೋಗುತ್ತದೆ. ನಾರ್ವೆಯಲ್ಲಂತೂ 11 ವರ್ಷಕ್ಕಿಂತ ಚಿಕ್ಕ ಮಕ್ಕಳ ಸ್ಪರ್ಧೆಯಲ್ಲಿ ರ‍್ಯಾಂಕ್ ಪಟ್ಟಿಯನ್ನೇ ಹಾಕುವುದಿಲ್ಲ, ಈ ಕ್ರಮ ನಮಗೂ ಬರಬೇಕು ಅಂತ ನನಗೆ ತುಂಬ ಆಸೆ. ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳಲ್ಲ ಅಂತ ಯಾರಾದರೂ ಹೇಳುತ್ತಾರೆ. ನಿಜ, ನನಗೂ ಅವಳನ್ನು ಕಂಡರೆ ಹೆಮ್ಮೆ. ಆದರೆ ಅಪರೂಪದ ಒಂದು ಮಗುವಿನ ದಾರಿಯನ್ನು ಎಲ್ಲ ಮಕ್ಕಳ ವೇಳಾಪಟ್ಟಿ ಮಾಡಬಾರದು.

ಹಾಗಾಗಿ ಅವಳ ಟೈಮಿಂಗ್ ಮಾತ್ರ ಬರೆದಿಡಿ. ಹೋದ ಸಲಕ್ಕಿಂತ ಒಂದು ಸೆಕೆಂಡ್ ಕಮ್ಮಿಯಾದರೆ, ಕೊನೆಯವಳಾಗಿ ಬಂದಿದ್ದರೂ ಅವಳಿಗೆ ಹೇಳಿಕೊಳ್ಳಲು ಏನೋ ಒಂದು ಸಿಗುತ್ತದೆ.

ಆ ದಿನ ನಿಜಕ್ಕೂ ಕಷ್ಟವಾಗುವುದು ಕಾಯುವುದು. ಅರ್ಧ ನಿಮಿಷದ ರೇಸಿಗೆ ಅರ್ಧ ದಿನ ಕೂರಬೇಕು. ವಾರ್ಮಪ್ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕೂರಿಸಬೇಡಿ, ಎರಡು ಟವೆಲ್, ಒಂದು ಸ್ವೆಟರ್ ಇರಲಿ. ಬೆಳಿಗ್ಗೆ ಇಡ್ಲಿ, ನಡುವೆ ಬಾಳೆಹಣ್ಣು, ಆಗಾಗ ನೀರು ಸಾಕು. ಹೀಟ್ ನಂಬರ್ (ಎಷ್ಟನೇ ತಂಡದಲ್ಲಿ ಈಜಬೇಕು ಅನ್ನುವುದು), ಲೇನ್ ನಂಬರ್ ಎರಡನ್ನೂ ಪೆನ್ನಿನಲ್ಲಿ ಅವಳ ಕೈಮೇಲೆ ಬರೆದುಬಿಡಿ.

ರೇಸ್ ಮುಗಿಸಿ ನಡುಗುತ್ತಾ ಬರುವ ಮಗುವಿಗೆ ಟವೆಲ್ ಹೊದಿಸುವ ಮೊದಲೇ ಮೊಬೈಲ್ ವಿಡಿಯೋ ತೋರಿಸಿ "ಇಲ್ಲಿ ಯಾಕೆ ತಲೆ ಎತ್ತಿದೆ?" ಅಂತ ಕೇಳುವ ಅಪ್ಪಂದಿರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪು ತಿದ್ದುವುದನ್ನು ಕೋಚ್‌ಗೆ ಬಿಡಿ. ಹಸಿವಾ ಅಂತ ಕೇಳಿ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರ ಅನುಮಾನ ಗ್ಯಾಲರಿಯಲ್ಲಿ ಕೂತು ನೋಡಿದ ಮೇಲೆ ಗಟ್ಟಿಯಾಗುತ್ತದೋ ಕರಗುತ್ತದೋ ನೋಡೋಣ.

ರೇಸಿಂಗ್ ಸೂಟ್ ಖಂಡಿತ ಬೇಡ. ಅಮೆರಿಕದ ಈಜು ಸಂಸ್ಥೆಯೇ 2020ರಿಂದ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟೆಕ್ ಸೂಟ್ ಅನ್ನುವ ಅಂಥ ದುಬಾರಿ ರೇಸಿಂಗ್ ಉಡುಪನ್ನು ನಿಷೇಧಿಸಿದೆ. ದಿನಾ ಹಾಕುವ ಸೂಟೇ ಸಾಕು. ಇನ್ನೊಂದು ಜೊತೆ ಗಾಗಲ್ಸ್ ಮಾತ್ರ ತೆಗೆದುಕೊಳ್ಳಿ, ಪಟ್ಟಿ ಕಿತ್ತುಹೋಗುವುದು ಯಾವಾಗಲೂ ಅವತ್ತೇ.