ಪ್ರ: ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳ ಊರು ಮ್ಯಾಂಚೆಸ್ಟರ್ ಬಗ್ಗೆ ಬರೆಯುತ್ತಿದ್ದೇನೆ. 1840ರ ಸುಮಾರಿಗೆ ಅಲ್ಲಿ ಮಿಲ್ ಮಾಲೀಕರು, ಕೆಲಸಗಾರರು ಅಕ್ಕಪಕ್ಕ ಇದ್ದರಾ?

ಒಂದೇ ಊರು ಹೌದು, ಆದರೆ ಬದುಕು ಬೇರೆ ಬೇರೆ. ನೀವು ಕೇಳಿದ ಹೊತ್ತಿಗೆ ಅನುಕೂಲಸ್ಥರು ಊರಂಚಿಗೆ ಹೋಗತೊಡಗಿದ್ದರು. 1824ರಲ್ಲೇ ಜಾನ್ ಗ್ರೀನ್‌ವುಡ್ ಎಂಬಾತ ಹತ್ತಿರದ ಪೆಂಡಲ್‌ಟನ್‌ನಿಂದ ಮ್ಯಾಂಚೆಸ್ಟರ್‌ಗೆ ಕುದುರೆ ಬಸ್ಸು ಶುರು ಮಾಡಿದ್ದ. ಅದರಲ್ಲಿ ಕೂತು ಬರುತ್ತಿದ್ದವರು ವ್ಯಾಪಾರಿಗಳು, ಗುಮಾಸ್ತರು. ಮಿಲ್ ಕೆಲಸದವರಿಗೆ ಆ ದರ ಕೊಡುವ ಶಕ್ತಿ ಎಲ್ಲಿತ್ತು? ನಡೆದೇ ಹೋಗಬೇಕು, ಹಾಗಾಗಿ ಮಿಲ್ಲಿನ ಪಕ್ಕದಲ್ಲೇ ಮನೆ.

ಆ ಮನೆಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ್ದು, ಹಿಂದೆ ಕಿಟಕಿಯೇ ಇಲ್ಲ. ಅಂಗಳದ ಒಂದು ಕಕ್ಕಸು ಹಲವು ಮನೆಯವರಿಗೆ. ನೀರಿಗೂ ಸಾಲು ನಿಲ್ಲಬೇಕು. ತೀರಾ ಬಡವರು ನೆಲಮಾಳಿಗೆಯಲ್ಲಿ, ತೇವದಲ್ಲಿ ಮಲಗುತ್ತಿದ್ದರು.

ಅದೇ ಹೊತ್ತಿಗೆ, 1837ರಲ್ಲಿ, ವಿಕ್ಟೋರಿಯಾ ಪಾರ್ಕ್ ಎಂಬ ಬಡಾವಣೆ ಶುರುವಾಯಿತು. ದೊಡ್ಡ ತೋಟದ ಮನೆಗಳು, ಸುತ್ತ ಗೋಡೆ, ಗೇಟು, ಕಾವಲು. ಅಲ್ಲಿಗೆ ಕೆಲಸದ ಹೆಂಗಸರು ಹೋಗುತ್ತಿದ್ದದ್ದು ಅಡುಗೆಗೆ, ಬಟ್ಟೆ ಒಗೆಯಲು.

ನನ್ನನ್ನು ಜಾಸ್ತಿ ಕಾಡುವುದು 1842ರಲ್ಲಿ ಎಡ್ವಿನ್ ಚಾಡ್ವಿಕ್ ಕೆಲಸಗಾರರ ನೈರ್ಮಲ್ಯದ ಸ್ಥಿತಿ ಬಗ್ಗೆ ಕೊಟ್ಟ ವರದಿಯ ಲೆಕ್ಕ. ಮ್ಯಾಂಚೆಸ್ಟರ್‌ನಲ್ಲಿ ಸಾಯುವಾಗಿನ ಸರಾಸರಿ ವಯಸ್ಸು ಮೇಲ್ವರ್ಗದವರಿಗೆ 38, ವ್ಯಾಪಾರಿಗಳಿಗೆ 20, ಕೂಲಿಕಾರರಿಗೆ 17. ಎಳೆಯ ಮಕ್ಕಳ ಸಾವು ಜಾಸ್ತಿ ಇದ್ದದ್ದರಿಂದ ಸರಾಸರಿ ಅಷ್ಟು ಕೆಳಗಿಳಿದಿತ್ತು. ಅಂದರೆ ಅಂತರ ತೊಟ್ಟಿಲಿನಿಂದಲೇ ಶುರುವಾಗಿತ್ತು, ಅಲ್ವಾ?

ನಿಮ್ಮ ಬರಹದಲ್ಲಿ ನೀರು, ಕಕ್ಕಸು, ನಡೆಯುವ ದೂರ ಇವನ್ನು ದಯವಿಟ್ಟು ಬಿಡಬೇಡಿ. ಉಡುಪು, ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ.