ಗುಂಡಿಗೆ ಬಿದ್ದು ಬೆಂಡಾದ ರಿಮ್: ಮನೆಯಲ್ಲೇ ಸರಿ ಮಾಡಬಹುದೇ?

ಪ್ರಶ್ನೆ: ನನ್ನದು ಸ್ಟೀಲ್ ರಿಮ್, ಟ್ಯೂಬ್‌ಲೆಸ್ ಟೈರಿನ ಹಳೇ ವ್ಯಾಗನ್‌ಆರ್. ಮಳೆಗಾಲದಲ್ಲಿ ಗುಂಡಿಗೆ ಬಿದ್ದಾಗಿನಿಂದ ಮುಂದಿನ ಎಡಚಕ್ರದ ಗಾಳಿ ಎರಡು ದಿನಕ್ಕೊಮ್ಮೆ ಇಳಿಯುತ್ತಿದೆ. ಪಂಕ್ಚರ್ ಇಲ್ಲ, ರಿಮ್ಮಿನ ಅಂಚು ಬೆಂಡಾಗಿದೆ ಎನ್ನುತ್ತಾರೆ. ನಾನೇ ಬಡಿದು ಸೀದಾ ಮಾಡಿಕೊಳ್ಳಬಹುದೇ?
– ಓದುಗರು, ಪುತ್ತೂರು

ಉತ್ತರ: ಬೆಂಡು ಅಂಚಿನ ತುಟಿಯಲ್ಲಷ್ಟೇ ಇದ್ದು, ಅಂಗೈ ಅಗಲ ಮೀರದಿದ್ದರೆ ಮಾಡಬಹುದು. ಟೈರ್ ಕೂರುವ ಒಳಗಿನ ಪಟ್ಟಿಯವರೆಗೂ ಅದು ಇಳಿದಿದ್ದರೆ, ನಟ್ಟಿನ ತೂತು ಅಂಡಾಕಾರವಾಗಿದ್ದರೆ ಅಥವಾ ನಡುವಿನ ತಟ್ಟೆಯೇ ಸೊಟ್ಟಗಾಗಿದ್ದರೆ ಕೈ ಹಾಕಬೇಡಿ, ಬೇರೆ ರಿಮ್ ಕೊಳ್ಳಿ. ಸ್ಟೀಲ್ ರಿಮ್ಮಿಗೆ ಅಷ್ಟೇನೂ ಬೆಲೆಯಿಲ್ಲ.

ಮೊದಲು ಅಳತೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತಂದು ಮುಂಭಾಗ ಎತ್ತಿ. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆಗೆ ಪೆನ್ಸಿಲ್ ಕಟ್ಟಿ, ಅದರ ತುದಿಯನ್ನು ರಿಮ್ಮಿನ ಅಂಚಿನಿಂದ ಎರಡು ಮಿಲಿಮೀಟರ್ ದೂರಕ್ಕೆ ತನ್ನಿ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಸಂದು ಹೆಚ್ಚಾಗುವ, ಕಡಿಮೆಯಾಗುವ ಜಾಗಗಳಿಗೆ ಚಾಕ್ ಗುರುತು ಹಾಕಿ. ಪಕ್ಕಕ್ಕೂ ಮೇಲೆ-ಕೆಳಗೂ ಬೇರೆ ಬೇರೆ ನೋಡಬೇಕು. ವ್ಯತ್ಯಾಸ ಸುಮಾರು ಒಂದು ಮಿಲಿಮೀಟರಿನೊಳಗಿದ್ದರೆ ಚಿಂತೆಯಿಲ್ಲ. ಕಾರಿನಡಿ ಬಗ್ಗಿ ಒಳಗಿನ ಅಂಚನ್ನು ತಪ್ಪದೇ ಪರೀಕ್ಷಿಸಿ. ಹೊರಗೆ ಏನೂ ಕಾಣದೆ ಒಳಗಡೆ ಮಡಚಿಕೊಂಡಿರುವುದೇ ಹೆಚ್ಚು.

ಟೈರನ್ನು ಪಂಕ್ಚರ್ ಅಂಗಡಿಯಲ್ಲೇ ಬಿಡಿಸಿ ತನ್ನಿ. ಟೈರಿನ ಪಕ್ಕ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ ಎಂದರ್ಥ, ಆ ಟೈರ್ ಬಿಸಾಡಿ. ರಿಮ್ಮನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಬೆಂಡಿನ ಒಂದು ಬದಿಗೆ ಚಾಕ್ ಪುಡಿ ಬಳಿದು, ಇನ್ನೊಂದು ಬದಿಗೆ ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡಿ. ಬಿಳಿ ಚಾಕ್ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿದರೆ ಅದು ಬಿರುಕು. ವೆಲ್ಡಿಂಗ್ ಮಾಡಿಸಿ ಓಡಿಸುವ ಯೋಚನೆ ಬೇಡ.

ಈಗ ಬಡಿಯುವ ಕೆಲಸ. ಒಂದೂವರೆಯಿಂದ ಎರಡು ಕಿಲೋ ಸುತ್ತಿಗೆ, ರಿಮ್ಮಿನ ಬಾಗಿಗೆ ಹೊಂದುವಂತೆ ಕೆತ್ತಿದ ಗಟ್ಟಿ ಮರದ ತುಂಡು ಸಾಕು. ರಿಮ್ಮನ್ನು ಹಳೇ ಟೈರಿನ ಮೇಲಿಟ್ಟು, ಒಳಗಿನಿಂದ ಹೊರಕ್ಕೆ ಮರದ ಮೂಲಕವೇ ಏಟು ಕೊಡಿ. ನೇರ ಸುತ್ತಿಗೆ ಬಿದ್ದರೆ ಅಂಚು ತೆಳುವಾಗಿ ಹಿಗ್ಗುತ್ತದೆ, ಮತ್ತೆ ಗಾಳಿ ಹಿಡಿಯುವುದಿಲ್ಲ. ತಗ್ಗಿನ ಎರಡು ಕೊನೆಗಳಿಂದ ಶುರುಮಾಡಿ ನಡುವಿಗೆ ಬನ್ನಿ. ನಡುವಿಗೇ ಬಡಿದರೆ ಅಕ್ಕಪಕ್ಕ ಎರಡು ಹೊಸ ಉಬ್ಬು ಏಳುತ್ತವೆ. ಅಂಚು ಪಕ್ಕಕ್ಕೆ ಮಡಚಿದ್ದರೆ ದೊಡ್ಡ ಅಡ್ಜಸ್ಟಬಲ್ ಸ್ಪ್ಯಾನರಿನಲ್ಲಿ ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಚಿ. ಬಿಟ್ಟಾಗ ಲೋಹ ತುಸು ಹಿಂದೆ ಬರುತ್ತದೆ, ಆದ್ದರಿಂದ ಕೂದಲೆಳೆಯಷ್ಟು ಹೆಚ್ಚೇ ಬಗ್ಗಿಸಬೇಕು. ಅಂಚು ಚೆನ್ನಾಗಿರುವ ಕಡೆ ಅದರ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ನಾಲ್ಕೈದು ಏಟಿಗೊಮ್ಮೆ ಬೆಂಡಿಗೆ ಹಿಡಿದು ನೋಡುತ್ತಿರಿ. ಬಗ್ಗಿಸಿದಷ್ಟೂ ಉಕ್ಕು ಗಡಸಾಗುತ್ತದೆ, ಒಂದೇ ಜಾಗವನ್ನು ಹಿಂದೆ ಮುಂದೆ ಆಡಿಸಿದರೆ ಸೀಳುತ್ತದೆ.

ಗ್ಯಾಸ್ ಕಟರಿನಲ್ಲಿ ಕಾಯಿಸಿ ಬಗ್ಗಿಸಲು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಟೈರ್ ರಿಮ್ಮಿನಲ್ಲಿರುವಾಗಂತೂ ಬೆಂಕಿ ಹತ್ತಿರ ಸುಳಿಯಬಾರದು. ಗಾಳಿ ಬಿಟ್ಟಿದ್ದರೂ ಕಾದ ರಬ್ಬರಿನಿಂದ ಹೊರಡುವ ಅನಿಲ ಒಳಗೆ ತುಂಬಿ ಟೈರ್ ಸಿಡಿಯಬಹುದು. ಜೀವ ಹೋಗುವ ಮಾತಿದು.

ಮುಗಿದ ಮೇಲೆ ಡೀಸೆಲ್ ಅಂಶ ಪೂರ್ತಿ ತೊಳೆದು, ಎಮರಿ ಕಾಗದದಲ್ಲಿ ನುಣುಪು ಮಾಡಿ, ತೆಳುವಾಗಿ ಪ್ರೈಮರ್ ಹೊಡೆದು ಒಣಗಿಸಿ. ಟೈರ್ ಕೂರಿಸುವಾಗ ಅಂಚಿಗೆ ಸೋಪಿನ ನೊರೆ ಇರಲಿ. ಟೈರ್ ಕೂರಲಿಲ್ಲವೆಂದು 40 ಪಿಎಸ್‌ಐ ಮೀರಿ ಗಾಳಿ ತುಂಬಬಾರದು. ಗಾಳಿ ಬಿಟ್ಟು, ಮತ್ತೆ ಸೋಪು ಹಚ್ಚಿ ಪ್ರಯತ್ನಿಸಿ. ಆಮೇಲೆ ಅಂಚಿಗೂ ವಾಲ್ವಿನ ಬುಡಕ್ಕೂ ಸೋಪಿನ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. ನಟ್ಟುಗಳನ್ನು ಎದುರು-ಬದುರಾಗಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕಿಗೆ (ಬಿಗಿಯುವ ಬಲದ ಅಳತೆಗೆ) ಬಿಗಿದು, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಈ ಚಕ್ರ ಇನ್ನು ಮುಂದೆ ಸ್ಟೆಪ್ನಿಯಾಗಿರುವುದೇ ಮೇಲು.

ಪ್ರಶ್ನೆ: ಅಲಾಯ್ ವೀಲಿಗೂ ಇದೇ ವಿಧಾನ ಆಗುತ್ತದೆಯೇ?
– ಓದುಗರು, ಹಾಸನ

ಉತ್ತರ: ಆಗುವುದಿಲ್ಲ. ಹೆಚ್ಚಿನ ಅಲಾಯ್‌ಗಳು ಅಚ್ಚಿಗೆ ಎರೆದ ಅಲ್ಯೂಮಿನಿಯಂ. ತಣ್ಣಗೆ ಬಡಿದರೆ ಬಗ್ಗುವ ಬದಲು ಬಿರಿಯುತ್ತದೆ. ಕಾಯಿಸಿದರೆ ಕಾರ್ಖಾನೆಯಲ್ಲಿ ಶಾಖ ಕೊಟ್ಟು ತಂದ ಗಟ್ಟಿತನವೇ ಹೋಗುತ್ತದೆ. ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗುವುದಿಲ್ಲವಾದ್ದರಿಂದ ಎಷ್ಟು ಕಾದಿದೆ ಎಂಬುದು ಕಣ್ಣಿಗೆ ತಿಳಿಯುವುದೂ ಇಲ್ಲ. ಹೈಡ್ರಾಲಿಕ್ ಯಂತ್ರವೂ ಓಲಾಟ ಅಳೆಯುವ ಡಯಲ್ ಗೇಜೂ ಇರುವ ಅಂಗಡಿಗೆ ಕೊಡಿ. ಚಕ್ರದ ಕಡ್ಡಿಯಲ್ಲಿ (ಸ್ಪೋಕ್) ಬೆಂಡು ಅಥವಾ ಬಿರುಕಿದ್ದರೆ ಅಲ್ಲಿಯೂ ರಿಪೇರಿ ಮಾಡಿಸಬೇಡಿ, ಬದಲಿಸಿ.

ಪ್ರಶ್ನೆ: ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಏಕೆ?
– ಓದುಗರು, ದಾವಣಗೆರೆ

ಉತ್ತರ: ಅಲೈನ್‌ಮೆಂಟ್ ಸರಿಪಡಿಸುವುದು ಚಕ್ರಗಳ ಕೋನವನ್ನು, ದುಂಡುತನವನ್ನಲ್ಲ. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ. ನಡುಕ ಸ್ಟಿಯರಿಂಗ್ ಬಿಟ್ಟು ಸೀಟಿಗೆ ಬಂದರೆ ತಪ್ಪು ಆ ಎರಡು ಚಕ್ರಗಳಲ್ಲೇ ಇದೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಚಕ್ರ ತಿರುಗುವಾಗ ರಿಮ್ಮಿನ ಅಂಚನ್ನೇ ದಿಟ್ಟಿಸಿ, ಓಲಾಟ ಅಲ್ಲಿ ಗೊತ್ತಾಗುತ್ತದೆ. ಓಲಾಡುವ ರಿಮ್ಮಿಗೆ ಬ್ಯಾಲೆನ್ಸಿಂಗಿಗೆಂದು ಎಷ್ಟು ಸೀಸದ ತೂಕ ಅಂಟಿಸಿದರೂ ನಡುಕ ನಿಲ್ಲುವುದಿಲ್ಲ.