ಮನಸ್ಸು ಮಂಕಾದ ಸಂಜೆ ಏನು ಓದಬೇಕು?

ಸಂಜೆಯಾದರೆ ಕಾರಣವಿಲ್ಲದೆ ಬೇಜಾರು, ಹೊಸ ಕಾದಂಬರಿ ಹಿಡಿದರೆ ಒಂದೇ ಪುಟದಲ್ಲಿ ಸುತ್ತಾಟ, ಕೊನೆಗೆ ಹಗಲುಗನಸು ಕಾಣುತ್ತ ಕೂತುಬಿಡುತ್ತೇನೆ, ಇದು ತಪ್ಪೇ ಎಂದು ಕೇಳಿದ್ದೀರಿ. ಹಗಲುಗನಸು ತಪ್ಪಲ್ಲ. ನನ್ನ ತಕರಾರು ಹೊಸ ಕಾದಂಬರಿಯ ಬಗ್ಗೆ.

ಮನಸ್ಸು ಕುಗ್ಗಿದಾಗ ಕೈಕೊಡುವುದು ಏಕಾಗ್ರತೆ. ಹೊಸ ಕಾದಂಬರಿಯ ಮೊದಲ ಐವತ್ತು ಪುಟವೆಂದರೆ ಯಾರು ಯಾರ ಮಗ, ಯಾವ ಊರು, ಜಗಳ ಯಾತಕ್ಕೆ ಎಂದೆಲ್ಲ ನೆನಪಿಟ್ಟುಕೊಳ್ಳುವ ದುಡಿಮೆ. ಅದು ಆಗದೇ ಹೋದಾಗ ‘ಓದಲೂ ಆಗುತ್ತಿಲ್ಲವಲ್ಲ’ ಅನ್ನುವ ಇನ್ನೊಂದು ಬೇಜಾರು ಬಂದು ಸೇರುತ್ತದೆ. ಅದಕ್ಕೇ ಒಮ್ಮೆ ಓದಿ ಮೆಚ್ಚಿದ್ದನ್ನೇ ತೆಗೆಯಿರಿ, ಮಧ್ಯದಿಂದ ಶುರು ಮಾಡಿದರೂ ಸರಿ. ಇಲ್ಲವೇ ಚಿಕ್ಕದೇನಾದರೂ ಹಿಡಿಯಿರಿ: ವಚನ, ಲಲಿತ ಪ್ರಬಂಧ, ಕಗ್ಗ. ಡಿವಿಜಿಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ಸಂಜೆಗೆ ಎರಡು ಸಾಕು. ಒಂದೇ ಸಮನೆ ಹತ್ತು ಓದಿದರೆ ಹಿರಿಯರ ಬುದ್ಧಿವಾದ ಕೇಳಿದ ಹಾಗಾಗುತ್ತದೆ. ‘ಸಂತೋಷವಾಗಿರುವುದು ಹೇಗೆ’ ಮಾದರಿಯ ಪುಸ್ತಕಗಳನ್ನು ಮಾತ್ರ ಈ ಹೊತ್ತಿನಲ್ಲಿ ಮುಟ್ಟಬೇಡಿ.

ಬಾಯಿಬಿಟ್ಟು ಓದುವುದು ಇನ್ನೂ ಒಳ್ಳೆಯದು. ಮೌನವಾಗಿ ಓದುವಾಗ ಕಣ್ಣು ಒಂದು ಕಡೆ, ಮನಸ್ಸು ಒಂದು ಕಡೆ. ದನಿ ತೆಗೆದರೆ ತಪ್ಪಿದ್ದು ಕಿವಿಗೆ ಬೀಳುತ್ತದೆ. ಇದಕ್ಕೆ ಗದ್ಯಕ್ಕಿಂತ ಕುಮಾರವ್ಯಾಸ ಭಾರತದ ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ, ವಾಸಿ. ಮಾತ್ರೆಯೆಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ನಡೆಯುತ್ತದೆ. 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ, 23 ಮಾತ್ರೆ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಉಸಿರು ಬಿಡುವ ಜಾಗ ಆ ಗುರುವೇ. ಹೆಚ್ಚಿನವರು ಎಡವುವುದು ಪೇಪರಿನಂತೆ ಓಡಿಸಿ ಓದಿದಾಗ. ಸಾಲು ಮುಗಿದರೂ ಪದ ಮುಗಿದಿರುವುದಿಲ್ಲ, ಸಂಧಿ ಬಿಡಿಸದೆ ಅರ್ಥ ಸಿಕ್ಕುವುದಿಲ್ಲ. ಮೊದಲ ಸಲ ಬರೀ ಲಯಕ್ಕೆ, ಎರಡನೇ ಸಲ ಪೆನ್ಸಿಲ್‌ನಲ್ಲಿ ಪದ ಬಿಡಿಸುತ್ತ, ಮೂರನೇ ಸಲ ಅರ್ಥಕ್ಕೆ ಓದಿ. ನಾಲ್ಕೈದು ಪದ್ಯ ಆಗುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಎಲ್ಲಿಂದ ಎಂದರೆ, ವಿರಾಟಪರ್ವದಲ್ಲಿ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವ ಭಾಗದಿಂದ. ಅಭಿಮನ್ಯುವಿನ ಸಾವು ಬೇರೆ ದಿನಕ್ಕಿರಲಿ.

ಪದ್ಯವೂ ಬೇಡವೆನಿಸಿದ ದಿನ ನಿಘಂಟು ತೆರೆಯಿರಿ. 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ಕೋಶದಲ್ಲಿ ಪದಗಳ ಜೊತೆ ಗಾದೆಗಳೂ ಸಿಗುತ್ತವೆ. ಕಥೆಯಿಲ್ಲ, ಹಾಗಾಗಿ ಎಳೆ ತಪ್ಪಿಹೋಗುವ ಭಯವೂ ಇಲ್ಲ.

ಹಗಲುಗನಸಿಗೆ ಬರೋಣ. ಮಲಗಿಕೊಂಡು ಕಾಣಬೇಡಿ, ನಡೆಯುತ್ತಲೋ ಬಟ್ಟೆ ಮಡಚುತ್ತಲೋ ಕಾಣಿ, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಂಡು. ಮಲಗಿದರೆ ಕನಸು ಬೇಗ ಹಳಹಳಿಕೆಯ ಕಡೆ ಜಾರುತ್ತದೆ. ಇಲ್ಲದ ಊರೊಂದರಲ್ಲಿ ಮನೆ ಕಟ್ಟುತ್ತಿದ್ದೀರಾದರೆ ಮುಂದುವರಿಸಿ. ‘ಅವತ್ತು ಹೀಗೆ ಉತ್ತರ ಕೊಡಬೇಕಿತ್ತು’ ಎಂಬ ಅದೇ ದೃಶ್ಯ ಮೂರನೇ ಸಲ ಬಂತೋ, ಎದ್ದು ದೀಪ ಹಾಕಿ ಕುಕ್ಕರ್ ಇಡಿ, ಇಲ್ಲವೇ ಯಾರಿಗಾದರೂ ಫೋನ್ ಮಾಡಿ. ಕನಸಿಗಾಗಿ ಊಟ, ಕೆಲಸ, ನಿದ್ದೆ ತಪ್ಪುತ್ತಿದ್ದರೆ ವಿಷಯ ಬೇರೆ. ಹಾಗೆಯೇ ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಬೇಜಾರು ಇಳಿಯದೆ, ಮೊದಲು ಹಿಡಿಸುತ್ತಿದ್ದ ಯಾವುದೂ ಹಿಡಿಸದಿದ್ದರೆ, ಪುಸ್ತಕದ ಮೇಲೆ ಆ ಹೊರೆ ಹಾಕಬೇಡಿ: ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು: ಪುಸ್ತಕವನ್ನು ಬೆಳಿಗ್ಗೆಯೇ ಆರಿಸಿ, ಪುಟಕ್ಕೆ ಗುರುತು ಹಾಕಿ, ಸಂಜೆ ಕೂರುವ ಕುರ್ಚಿಯ ಮೇಲಿಡಿ. ಬೇಜಾರು ಬಂದ ಮೇಲೆ ಕಪಾಟಿನ ಮುಂದೆ ನಿಂತರೆ ಯಾವುದೂ ಬೇಡವೆನಿಸಿ ಕೈ ಮೊಬೈಲಿಗೇ ಹೋಗುತ್ತದೆ.